ಪದಚರ್ಚೆ: ವಿದ್ಯಾರ್ಥಿ ವೀಸಾ ‘ರದ್ದು’, ‘ಸ್ಥಾನಮಾನ’, ‘ಗಡಿಪಾರು’

ಬಳಗದ ಎಲ್ಲರಿಗೂ ನಮಸ್ಕಾರ.

2025ರ ಮಾರ್ಚ್‌ನಿಂದೀಚೆಗೆ ಅಮೆರಿಕದ ವಿದ್ಯಾರ್ಥಿ ವೀಸಾ ಸುದ್ದಿ ಬಂದಾಗಲೆಲ್ಲ ನಮ್ಮ ಡೆಸ್ಕಿನಲ್ಲಿ ಒಂದೇ ಪದ ದುಡಿಯುತ್ತಿದೆ: ‘ರದ್ದು’. ಒಂದು ಕಾಲಂ ತಲೆಬರಹಕ್ಕೆ ಎರಡಕ್ಷರದ ಪದ ಸಿಕ್ಕಿದರೆ ಯಾವ ಉಪಸಂಪಾದಕ ಬಿಟ್ಟಾನು? ತೊಂದರೆ ಏನೆಂದರೆ, ಆ ಎರಡಕ್ಷರದೊಳಗೆ ಕನಿಷ್ಠ ನಾಲ್ಕು ಬೇರೆಬೇರೆ ಸಂಗತಿಗಳು ತೂರಿಕೊಂಡಿವೆ, ಅವುಗಳ ಪರಿಣಾಮವೂ ಬೇರೆಬೇರೆ. ನಾವು ಬಳಸುವ ಪದಪಟ್ಟಿಯನ್ನು ಸರಿಮಾಡಿಕೊಳ್ಳಬೇಕಾಗಿದೆ. ನಿಮ್ಮ ಸಲಹೆ ಬೇಕು.

ಮೊದಲನೆಯದು ಸುಲಭ. ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತ ಹುಡುಗನಿಗೆ ಎರಡು ನಿಮಿಷ ಮಾತಾಡಿಸಿ 214(ಬಿ) ಎಂದು, ಅಂದರೆ ಅಲ್ಲಿನ ವಲಸೆ ಕಾಯ್ದೆಯ ಸೆಕ್ಷನ್ ಸಂಖ್ಯೆ, ಅಚ್ಚಾದ ಚೀಟಿ ಕೊಟ್ಟು ಕಳಿಸುತ್ತಾರೆ. ಓದು ಮುಗಿಸಿ ವಾಪಸ್ ಬರುತ್ತೀಯೆಂಬ ನಂಬಿಕೆ ನಮಗಿಲ್ಲ ಎಂಬುದು ಅದರ ತಾತ್ಪರ್ಯ. ಹುಡುಗರು ‘ರಿಜೆಕ್ಟ್ ಆಯ್ತು’ ಅನ್ನುತ್ತಾರೆ, ನಾವು ‘ನಿರಾಕರಣೆ’ ಅನ್ನುತ್ತೇವೆ. ಕೊಟ್ಟೇ ಇಲ್ಲದ್ದನ್ನು ರದ್ದು ಮಾಡುವ ಪ್ರಶ್ನೆ ಬರುವುದಿಲ್ಲ. ಆದರೂ ‘ಸಾವಿರಾರು ವೀಸಾ ರದ್ದು’ ಎಂಬ ಸಾಲಿನಲ್ಲಿ ಇದನ್ನೂ ಸೇರಿಸಿ ಲೆಕ್ಕ ಹಾಕುವವರಿದ್ದಾರೆ.

ಎರಡನೆಯದು 2025ರ ಮೇ 27ರದು. ಜಗತ್ತಿನ ಎಲ್ಲ ರಾಯಭಾರ ಕಚೇರಿಗಳಲ್ಲೂ ವಿದ್ಯಾರ್ಥಿ ವೀಸಾಕ್ಕೆ ಹೊಸ ಸಂದರ್ಶನದ ಸ್ಲಾಟ್ ಕೊಡುವುದನ್ನು ಅಮೆರಿಕದ ವಿದೇಶಾಂಗ ಇಲಾಖೆ ನಿಲ್ಲಿಸಿತು. ಜೂನ್ 18ರಂದು ಮತ್ತೆ ತೆರೆಯಿತು. ಮೊದಲೇ ಸ್ಲಾಟ್ ಸಿಕ್ಕಿದ್ದವರ ಸಂದರ್ಶನಕ್ಕೆ ಇದು ಅಡ್ಡಿಯಾಗಿರಲಿಲ್ಲ. ಆ ವಾರ ದಾವಣಗೆರೆಯಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿದರು: “ಏನಪ್ಪಾ ಇದು, ವಿದ್ಯಾರ್ಥಿಗಳ ವೀಸಾ ಎಲ್ಲ ರದ್ದಂತಲ್ಲ, ಟಿವೀಲಿ ಕೆಳಗೆ ಓಡ್ತಾ ಇದೆ. ಬ್ಯಾಂಕಿನೋರಿಗೆ ಸಾಲ ಬೇಡ ಅಂತ ಹೇಳಿಬಿಡ್ಲಾ?” ಮಗನ ಪಾಸ್‌ಪೋರ್ಟಿನಲ್ಲಿ ಆಗಲೇ ವೀಸಾ ಸ್ಟಾಂಪ್ ಆಗಿತ್ತು. “ಅವನದ್ದೇನೂ ಆಗಿಲ್ಲ ಚಿಕ್ಕಮ್ಮ, ಹೊಸಬರಿಗೆ ಸ್ಲಾಟ್ ಕೊಡೋದು ನಿಲ್ಲಿಸಿದಾರೆ ಅಷ್ಟೆ” ಅಂದರೆ, “ಹಂಗಂದ್ರೆ ನಿಲ್ಲಿಸಿದಾರೆ ಅಂತ ಹಾಕ್ಬೇಕಪ್ಪ, ರದ್ದು ಅಂತ ಯಾಕ್ ಹಾಕ್ತೀರಿ” ಎಂದರು. ಸಂಪಾದಕೀಯ ಸಭೆಯಲ್ಲಿ ಇಷ್ಟು ನೇರವಾಗಿ ಯಾರೂ ಮಾತಾಡುವುದಿಲ್ಲ. ಇದಕ್ಕೆ ‘ಸ್ಥಗಿತ’ ಅಥವಾ ‘ತಡೆ’ ಸಾಕು ಎಂದು ನನ್ನ ಅಭಿಪ್ರಾಯ.

ಮೂರನೆಯದೇ ನಿಜವಾದ ರದ್ದು. ಕೊಟ್ಟ ವೀಸಾವನ್ನು ಹಿಂತೆಗೆದುಕೊಳ್ಳುವುದು. ಮಾರ್ಚ್ ಕೊನೆಯಲ್ಲಿ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರೂಬಿಯೊ ಅಂಥವು ಮುನ್ನೂರು ದಾಟಿರಬಹುದು ಎಂದಿದ್ದು ಈ ಅರ್ಥದಲ್ಲಿ. ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ, ಟರ್ಕಿಯ ರುಮೆಯ್ಸಾ ಓಝ್ಟುರ್ಕ್ ಪ್ರಕರಣ ನಿಮಗೆ ನೆನಪಿರಬೇಕು. ಇನ್ನೂ ಮೂವರ ಜೊತೆ ಸೇರಿ ವಿದ್ಯಾರ್ಥಿ ಪತ್ರಿಕೆಗೆ ಗಾಜಾ ಕುರಿತು ಒಂದು ಲೇಖನ ಬರೆದಿದ್ದರು. ಒಂದು ವರ್ಷದ ಮೇಲೆ, ಮಾರ್ಚ್ 25ರ ಸಂಜೆ, ಮಫ್ತಿಯಲ್ಲಿದ್ದ ಮುಸುಕುಧಾರಿ ಅಧಿಕಾರಿಗಳು ರಸ್ತೆಯಲ್ಲೇ ಹಿಡಿದು ಲೂಸಿಯಾನಕ್ಕೆ ಸಾಗಿಸಿದರು. ವೀಸಾ ಅದಕ್ಕೆ ಕೆಲವು ದಿನ ಮೊದಲೇ ಹೋಗಿತ್ತು, ಅವರಿಗೆ ಮಾತ್ರ ಹೇಳಿರಲಿಲ್ಲ. ಮೇ 9ರಂದು ನ್ಯಾಯಾಲಯದ ಆದೇಶದ ಮೇಲೆ ಹೊರಬಂದರು.

ನಾಲ್ಕನೆಯದರಲ್ಲಿ ನಾವೆಲ್ಲ ಎಡವುತ್ತಿರುವುದು. ವೀಸಾ ಎಂಬುದು ಒಳಗೆ ಬರುವುದಕ್ಕೆ ಬೇಕಾದ ಚೀಟಿ. ಒಳಗೆ ಬಂದ ಮೇಲೆ ಓದಿಕೊಂಡು ಇರುವ ಹಕ್ಕು ನಿಂತಿರುವುದು ಸೆವಿಸ್ ಎಂಬ ಸರ್ಕಾರಿ ದತ್ತಾಂಶ ವ್ಯವಸ್ಥೆಯಲ್ಲಿರುವ ದಾಖಲೆಯ ಮೇಲೆ. ವೀಸಾದ ಅವಧಿ ತೀರಿದರೂ ದಾಖಲೆ ಜೀವಂತವಿದ್ದರೆ ಹುಡುಗ ಕಾನೂನುಬದ್ಧವಾಗಿಯೇ ಇದ್ದಾನೆ. ದಾಖಲೆ ಸತ್ತರೆ ಮಾತ್ರ, ಪಾಸ್‌ಪೋರ್ಟಿನಲ್ಲಿ ಇನ್ನೂ ಮೂರು ವರ್ಷದ ವೀಸಾ ಇದ್ದರೂ, ಕ್ಲಾಸಿಗೆ ಹೋಗುವಂತಿಲ್ಲ, ಕ್ಯಾಂಪಸ್ಸಿನ ಕೆಲಸ ಮಾಡುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ವಲಸೆ ಜಾರಿ ಸಂಸ್ಥೆ ಇಂಥ ನಾಲ್ಕು ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು ಕೊನೆಗೊಳಿಸಿತು. ವಿದ್ಯಾರ್ಥಿಗಳ ಹೆಸರುಗಳನ್ನು ಪೊಲೀಸ್ ದತ್ತಾಂಶದ ಜೊತೆ ತಾಳೆ ನೋಡಿ ಸಿಕ್ಕವರ ದಾಖಲೆಗಳನ್ನು ಹೊಡೆದುಹಾಕಿದ್ದು. ಅದರಲ್ಲಿ ಟ್ರಾಫಿಕ್ ದಂಡ ಕಟ್ಟಿದವರೂ ಇದ್ದರು, ಕೇಸು ಬಿದ್ದುಹೋದವರೂ ಇದ್ದರು. ನೂರಾರು ಜನ ಕೋರ್ಟಿಗೆ ಹೋದ ಮೇಲೆ ಏಪ್ರಿಲ್ 25ರಂದು ದಾಖಲೆಗಳನ್ನು ಮರಳಿ ಕೊಡುತ್ತೇವೆ ಎಂದು ಸರ್ಕಾರ ಒಪ್ಪಿತು. ಇವರದ್ದು ಅಭಿಪ್ರಾಯದ ಪ್ರಕರಣಗಳಲ್ಲ. ಆದರೆ ಓಝ್ಟುರ್ಕ್ ಸುದ್ದಿಯ ಬೆನ್ನಿಗೇ ಬಂದದ್ದರಿಂದ ಎಲ್ಲವೂ ಒಂದೇ ‘ವೀಸಾ ರದ್ದು’ ಬುಟ್ಟಿಗೆ ಬಿದ್ದವು, ಪ್ರತಿಭಟನೆಗೆ ಕಾಲಿಡದ ಹುಡುಗರೂ ರಾಜಕೀಯದವರಾದರು.

ಈ ನಾಲ್ಕನೆಯದಕ್ಕೆ ಪತ್ರಿಕೆಗಳು ಬರೆಯುತ್ತಿರುವುದು ‘ಕಾನೂನು ಸ್ಥಾನಮಾನ ರದ್ದು’. ಸ್ಥಾನಮಾನ ಎಂದರೆ ನಮ್ಮ ಕಿವಿಗೆ ಸನ್ಮಾನದ ವಾಸನೆ. ಕನ್ನಡಕ್ಕೆ 2008ರಲ್ಲಿ ಸಿಕ್ಕಿದ್ದು ಶಾಸ್ತ್ರೀಯ ಸ್ಥಾನಮಾನ, ನಿಗಮ ಮಂಡಳಿ ಅಧ್ಯಕ್ಷರಿಗೆ ಸಿಗುವುದು ಸಂಪುಟ ದರ್ಜೆ ಸ್ಥಾನಮಾನ. (‘ಸ್ಟೇಟಸ್’ ಎಂದೇ ಉಳಿಸೋಣವೆಂದರೆ ವಾಟ್ಸ್ಆ್ಯಪ್ ಅಡ್ಡ ಬರುತ್ತದೆ.) ‘ಪ್ರವೇಶಾನುಮತಿ’ ಎಂಬ ಪದ ವೀಸಾಕ್ಕೆ ನಿಘಂಟಿನಲ್ಲಿದೆ, ಯಾರೂ ಬಳಸುವುದಿಲ್ಲ, ಬಳಸಬೇಕೆಂದೂ ನಾನು ಹೇಳುತ್ತಿಲ್ಲ. ಅದರ ಜೋಡಿಯಾಗಿ ‘ವಾಸಾನುಮತಿ’ ಎಂದರೆ? ‘ವೀಸಾ ಇದೆ, ವಾಸಾನುಮತಿ ಹೋಯಿತು’ ಎಂಬ ವಾಕ್ಯ ನನಗೆ ಸ್ಪಷ್ಟವಾಗಿಯೇ ಕೇಳುತ್ತದೆ. ಹಿಡಿದವರಿಗೇ ಈ ವ್ಯತ್ಯಾಸ ತಿಳಿದಿರಲಿಲ್ಲ ಎನ್ನುವುದಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ಟೀನ್ ಪರ ಪ್ರತಿಭಟನೆಗಳಲ್ಲಿ ಮುಂದಿದ್ದ ಮಹ್ಮೂದ್ ಖಲೀಲ್ ಪ್ರಕರಣ ನೋಡಿ. ಮಾರ್ಚ್ 8ರ ರಾತ್ರಿ ಬಂದ ಅಧಿಕಾರಿಗಳು ವಿದ್ಯಾರ್ಥಿ ವೀಸಾ ರದ್ದಾಗಿದೆ ಎಂದರಂತೆ. ಇವರ ಬಳಿ ಇರುವುದು ಗ್ರೀನ್ ಕಾರ್ಡ್ ಎಂದಾಗ, ಅದೂ ರದ್ದು ಎಂದರಂತೆ. ಇದು ಅವರ ವಕೀಲರು ಹೇಳಿದ್ದು.

‘ರದ್ದು’ ಎಂಬುದರ ಮೂಲ ಅರಬ್ಬಿ, ಪಾರಸಿ ಕಚೇರಿಭಾಷೆಯ ದಾರಿಯಲ್ಲಿ ನಮಗೆ ಬಂದದ್ದು, ಹಳೇ ಪೇಪರಿನ ‘ರದ್ದಿ’ಯೂ ಅದೇ ಮನೆತನ. ಅದೇ ಕಚೇರಿಭಾಷೆ ನಮಗೆ ‘ವಜಾ’, ‘ಅಮಾನತು’ಗಳನ್ನೂ ಕೊಟ್ಟಿದೆ. ಅರ್ಜಿ ವಜಾ, ನೌಕರ ಅಮಾನತು, ಪರವಾನಗಿ ರದ್ದು ಎಂದು ತಾಲ್ಲೂಕು ಕಚೇರಿಯ ಗುಮಾಸ್ತರು ಎಷ್ಟು ನಿಖರವಾಗಿ ಬೇರ್ಪಡಿಸುತ್ತಾರೆ! ಸೆವಿಸ್ ದಾಖಲೆಗೆ ‘ವಜಾ’ ಹೊಂದುತ್ತದೆಯೇ, ಅಥವಾ ಅದು ನೌಕರಿಯ ನೆನಪನ್ನು ತರುತ್ತದೆಯೇ?

ಇನ್ನು ‘ಗಡಿಪಾರು’. ನಮ್ಮ ಓದುಗರಿಗೆ ಇದು ಮೊದಲು ರೌಡಿಶೀಟರ್ ಪದ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಜಿಲ್ಲೆಯಿಂದ ಹೊರಹಾಕುವುದು, ಚುನಾವಣೆ ಬಂದಾಗ ಪಟ್ಟಿ ಪ್ರಕಟವಾಗುವುದು. ಮಂಗಳೂರಿನ ಓದುಗರಿಗಂತೂ ವಾರಕ್ಕೊಂದು ಗಡಿಪಾರು. ಪಿಎಚ್‌ಡಿ ಮಾಡುತ್ತಿರುವ ಹುಡುಗಿಗೆ ಅದೇ ಪದ ಹಾಕಿದ ಕೂಡಲೇ ‘ಏನು ಮಾಡಿದ್ದಳೋ’ ಎಂಬ ಅನುಮಾನ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ಇದರ ಮೇಲೆ ‘ಸ್ವಯಂ ಗಡಿಪಾರು’ ಬೇರೆ. ಕೊಲಂಬಿಯಾದಲ್ಲಿ ನಗರ ಯೋಜನೆ ಓದುತ್ತಿದ್ದ ಭಾರತದ ವಿದ್ಯಾರ್ಥಿನಿ, ವೀಸಾ ರದ್ದಾದ ಮೇಲೆ ಮಾರ್ಚ್‌ನಲ್ಲಿ ತಾನಾಗಿ ಕೆನಡಾಕ್ಕೆ ಹೋದರು. ಇದನ್ನು ‘ಸೆಲ್ಫ್ ಡಿಪೋರ್ಟ್’ ಎಂದು ಕರೆದದ್ದು ಅಮೆರಿಕದ ಸರ್ಕಾರ, ಅದಕ್ಕೊಂದು ಆ್ಯಪ್ ಕೂಡ ಇದೆ. ಸರ್ಕಾರದ ಪ್ರಚಾರದ ಮಾತನ್ನು ನಾವು ಸುದ್ದಿಯ ಮಾತಾಗಿ ಎತ್ತಿಕೊಂಡೆವು. ಗಡಿಪಾರು ಒಬ್ಬರು ಇನ್ನೊಬ್ಬರಿಗೆ ಮಾಡುವಂಥದ್ದು, ತನಗೆ ತಾನೇ ಅರ್ಧಚಂದ್ರ ಪ್ರಯೋಗ ಮಾಡಿಕೊಳ್ಳುವುದು ಹೇಗೆ? ‘ಬಂಧನದ ಭಯಕ್ಕೆ ದೇಶ ಬಿಟ್ಟರು’ ಎಂದರೆ ಎಲ್ಲವೂ ಬಂತು.

‘ರಾಜಕೀಯ ಕಾರಣಕ್ಕೆ ವೀಸಾ ರದ್ದು’ ಎಂಬುದೂ ನನಗೆ ಸಮಾಧಾನ ತಂದಿಲ್ಲ. ನಮ್ಮಲ್ಲಿ ‘ರಾಜಕೀಯ’ ಎಂದರೆ ಸಹಕಾರ ಸಂಘದಲ್ಲೂ ನಡೆಯುವ ಮಸಲತ್ತು. ಯಾರ ರಾಜಕೀಯ ಎಂಬುದು ತಿಳಿಯುವುದಿಲ್ಲ: ವಿದ್ಯಾರ್ಥಿಯದೋ, ಸರ್ಕಾರದ್ದೋ? 2025ರ ಸೆಪ್ಟೆಂಬರ್ 30ರಂದು ಬಾಸ್ಟನ್ನಿನ ನ್ಯಾಯಾಧೀಶ ವಿಲಿಯಂ ಯಂಗ್, ಪ್ಯಾಲೆಸ್ಟೀನ್ ಪರ ಮಾತಾಡಿದ ವಿದೇಶಿಯರನ್ನು ಗುರಿ ಮಾಡಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು. ಆ ಮೊಕದ್ದಮೆಯಲ್ಲಿ ಅಧ್ಯಾಪಕರ ಸಂಘಗಳು ಹೇಳಿದ್ದು ‘ಐಡಿಯಾಲಾಜಿಕಲ್ ಡಿಪೋರ್ಟೇಶನ್’. ಒಂದು ಕಡೆ ಇದನ್ನು ‘ಸೈದ್ಧಾಂತಿಕ ಗಡಿಪಾರು’ ಎಂದು ಕನ್ನಡಿಸಿದ್ದು ನೋಡಿದೆ. ಗಡಿಪಾರು ಬರೀ ಸಿದ್ಧಾಂತದಲ್ಲಿ, ನಿಜವಾಗಿ ಮಾಡಿಲ್ಲ ಎಂದು ಓದಿಕೊಳ್ಳಬಹುದು! ‘ಅಭಿಪ್ರಾಯಕ್ಕಾಗಿ ಹೊರಹಾಕುವುದು’ ಉದ್ದವಾಯಿತು ನಿಜ, ಅರ್ಥಕ್ಕೆ ಮೋಸವಿಲ್ಲ.

ಇಷ್ಟು ಕೂದಲು ಸೀಳುವುದು ಯಾಕೆಂದರೆ, ಜನ ನಿರ್ಧಾರ ಮಾಡುತ್ತಿರುವುದು ಈ ಪದಗಳನ್ನು ಓದಿಯೇ. 2024–25ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.63 ಲಕ್ಷ, ಬೇರಾವ ದೇಶದವರಿಗಿಂತಲೂ ಹೆಚ್ಚು. 2025ರ ಆಗಸ್ಟ್‌ನಲ್ಲಿ ಭಾರತದಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಹಿಂದಿನ ಆಗಸ್ಟ್‌ಗಿಂತ ಶೇ 40ಕ್ಕೂ ಹೆಚ್ಚು ಕಡಿಮೆ. ಅದರಲ್ಲಿ ಸ್ಲಾಟ್ ಸಿಗದವರೆಷ್ಟು, ಕೈಬಿಟ್ಟವರೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ. ಹೋದವರೂ ಖಾತೆ ‘ಪಬ್ಲಿಕ್’ ಮಾಡಿಟ್ಟು ಹೋಗಬೇಕಾಯಿತು: ಜೂನ್‌ನಿಂದ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಚಿಕ್ಕಮ್ಮನ ಮಗನಿಗೆ ಈ ಷರತ್ತು ಬರುವ ಮೊದಲೇ ವೀಸಾ ಸಿಕ್ಕಿತ್ತು. ಆದರೂ ಒಂದಿಡೀ ರಾತ್ರಿ ಕೂತು ಹಳೆಯ ಲೈಕುಗಳನ್ನೆಲ್ಲ ಒಂದೊಂದಾಗಿ ತೆಗೆದ. ಅದರಲ್ಲಿ ಹೆಚ್ಚಿನವು ಕ್ರಿಕೆಟ್ಟಿನವು.

ಕೊನೆಯದಾಗಿ ತುರ್ತಾಗಿ ಬೇಕಾದದ್ದು ಒಂದು. ವಿದ್ಯಾರ್ಥಿ ಎಷ್ಟು ಕಾಲ ಇರಬಹುದು ಎಂಬಲ್ಲಿ ಅಮೆರಿಕದವರು ತಾರೀಕು ಬರೆಯದೆ ‘ಡಿ/ಎಸ್’ (ಡ್ಯುರೇಶನ್ ಆಫ್ ಸ್ಟೇಟಸ್) ಎಂದು ಬರೆಯುವ ರೂಢಿ, ಅಂದರೆ ಓದು ನಿಯಮದಂತೆ ನಡೆಯುವವರೆಗೆ. ಇದನ್ನು ತೆಗೆದು ಹೆಚ್ಚೆಂದರೆ 4 ವರ್ಷ ಎಂದು ಮಿತಿ ಹಾಕುವ ಪ್ರಸ್ತಾವವನ್ನು 2025ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ಆಂತರಿಕ ಭದ್ರತಾ ಇಲಾಖೆ ಮುಂದಿಟ್ಟಿತು. ‘ಸ್ಥಾನಮಾನದ ಅವಧಿ’ ಎಂಬ ಅನುವಾದ ಓಡಾಡುತ್ತಿದೆ, ಅದು ಶಾಸಕರ ಅಧಿಕಾರಾವಧಿಯಂತೆ ಕೇಳುತ್ತದೆ. ‘ಓದಿನ ಅವಧಿ’ ಎಂದರೆ ಕೋರ್ಸಿನ ಅವಧಿ ಎಂದಾಗುತ್ತದೆ. ‘ಓದು ಮುಗಿಯುವವರೆಗಿನ ವಾಸಾನುಮತಿ’ ಎಂದು ಬರೆದರೆ ಎರಡು ಕಾಲಂ ಬೇಕು. ಇದಕ್ಕಿಂತ ಚಿಕ್ಕದು, ಮೊದಲ ಓದಿಗೇ ತಿಳಿಯುವಂಥದ್ದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ‘ವಾಸಾನುಮತಿ’ಗೆ ಆಕ್ಷೇಪವಿದ್ದರೆ ಅದನ್ನೂ.