ಕಿವಿಯೊಳಗೆ ಏನೋ ಹರಿದಾಡಿದ ಹಾಗೆ: ಇಎನ್‌ಟಿ ಡಾಕ್ಟರಿಗೆ ಪ್ರಶ್ನೆಗಳು

ನಿರ್ವಾಹಕರು: ಇವತ್ತು ಸಂಜೆ 7ರಿಂದ ಇಎನ್‌ಟಿ ಡಾಕ್ಟರ್ ನಮ್ಮ ಜೊತೆ ಇರ್ತಾರೆ. ವಿಷಯ: ಕಿವಿಯೊಳಗೆ ಬಿಡದೆ ಕಾಡೋ ಕಚಗುಳಿ, ತುರಿಕೆ. ಯಾವ ಕಿವಿ, ಎಷ್ಟು ದಿನದಿಂದ, ನೋವು ಅಥವಾ ಸೋರಿಕೆ ಇದೆಯಾ ಅಂತ ಬರೀರಿ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬೇಡ.

ಮುಂಜಾವು: ಮೇಡಂ, ಎಡಗಿವಿ, ಐದು ತಿಂಗಳಾಯ್ತು. ಒಳಗೆ ಪತಂಗ ರೆಕ್ಕೆ ಆಡಿಸಿದ ಹಾಗೆ ಆಗುತ್ತೆ. ನೋವಿಲ್ಲ, ಸೋರಲ್ಲ, ಕೇಳಿಸೋದೂ ಸರಿಯಾಗಿದೆ. ಎರಡು ಕಡೆ ತೋರಿಸಿದೆ. ಇಬ್ಬರೂ "ಕಿವಿ ತಮಟೆ ಚೆನ್ನಾಗಿದೆ, ಕಿವಿ ಕ್ಲೀನಾಗಿದೆ, ಏನೂ ಇಲ್ಲ" ಅಂದ್ರು. ಹಾಗಾದ್ರೆ ಇದು ಭ್ರಮೆನಾ?

ಡಾಕ್ಟರ್: ಭ್ರಮೆ ಅಲ್ಲಮ್ಮ. ಮೊದಲು ಆ ಮಾತು ತಲೆಯಿಂದ ತೆಗೆಯಿರಿ.

ದೊಡ್ಡವರ ಕಿವಿನಾಳ ಸುಮಾರು 2.5 ಸೆಂ.ಮೀ. ಉದ್ದ. ಹೊರಗಿನ ಮೂರನೇ ಒಂದು ಭಾಗದಲ್ಲಷ್ಟೇ ಕೂದಲು, ಗುಗ್ಗೆ. ಒಳಗಿನದೆಲ್ಲ ಮೂಳೆ, ಮೇಲೆ ತೀರಾ ತೆಳು ಚರ್ಮ. ಅಲ್ಲಿ ಒಂದು ಎಳೆ ತಾಗಿದರೂ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ತಮಟೆ ನೆಟ್ಟಗೆ ನಿಂತಿರುವುದಿಲ್ಲ, ಓರೆಯಾಗಿರುತ್ತದೆ. ಅದರ ಮುಂದಿನ ಅಂಚು ನಾಳದ ಗೋಡೆಯ ಉಬ್ಬಿನ ಹಿಂದೆ ಒಂದು ಇಕ್ಕಟ್ಟು ಮೂಲೆ ಸೇರುತ್ತದೆ. ಕೈಯಲ್ಲಿ ಹಿಡಿದು ನೋಡುವ ಆಟೋಸ್ಕೋಪಿಗೆ ಆ ಮೂಲೆ ಎಷ್ಟೋ ಸಲ ಮರೆ. ತಲೆಗೂದಲು ಕತ್ತರಿಸುವಾಗ ಒಳಗೆ ಬಿದ್ದ ಚೂರೊಂದು ಅಲ್ಲಿ ಸಿಕ್ಕಿಕೊಂಡು ತುದಿ ತಮಟೆಗೆ ತಾಗುತ್ತಿದ್ದರೆ, ನೀವು ಹೇಳುವ ಪತಂಗ ಅದೇ ಇರಬಹುದು.

ಮೂರು ವಿಷಯ ಗಮನಿಸಿ ಹೇಳಿ. ಅಗಿಯುವಾಗ, ಆಕಳಿಸುವಾಗ, ಮಗ್ಗುಲು ಬದಲಿಸಿದಾಗ ಹೆಚ್ಚಾಗುತ್ತದಾ? ಪಾತ್ರೆ ಸದ್ದಾದಾಗ ಅಥವಾ ಕೆನ್ನೆ ಮುಟ್ಟಿದಾಗ ಪಟಪಟ ಅಂತ ಬಡಿಯುತ್ತದಾ? ನಿಮ್ಮದೇ ಉಸಿರು, ನಿಮ್ಮದೇ ಮಾತು ಕಿವಿಯೊಳಗೆ ಗುಂಯ್‌ಗುಡುತ್ತಾ, ಮಲಗಿದರೆ ನಿಲ್ಲುತ್ತಾ? ಮೊದಲನೆಯದು ಒಳಗಿನ ವಸ್ತುವಿನ ಕಡೆಗೋ ದವಡೆ ಕೀಲಿನ ಕಡೆಗೋ ಕೈ ತೋರಿಸುತ್ತದೆ. ಎರಡನೆಯದು ತಮಟೆಯ ಹಿಂದಿನ ಪುಟ್ಟ ಸ್ನಾಯುಗಳ ಸೆಳೆತ. ಮೂರನೆಯದು ಮೂಗಿನ ಹಿಂದಿನಿಂದ ಕಿವಿಗೆ ಬರುವ ಯೂಸ್ಟೇಶಿಯನ್ ನಾಳ ಮುಚ್ಚಿಕೊಳ್ಳದೇ ಇರುವುದು.

ತಾರಸಿ: ತುರಿಕೆ ಬಂದಾಗ ಬಡ್ಸ್ ಹಾಕಬಹುದಾ?

ಡಾಕ್ಟರ್: ಬೇಡ. ಉಜ್ಜಿದಷ್ಟೂ ಗುಗ್ಗೆಯ ಪದರ ಹೋಗಿ ಚರ್ಮ ಒಣಗುತ್ತದೆ, ಒಣಗಿದಷ್ಟೂ ತುರಿಸುತ್ತದೆ. ಎರಡು ವಾರ ಕಿವಿಗೆ ಏನೂ ಹಾಕದೆ ಇದ್ದು ನೋಡಿ. ಅರ್ಧ ಜನರ ಕಾಯಿಲೆ ಆ ಕಡ್ಡಿಯೇ.

ಕಾಗದದ ದೋಣಿ: ಕಿವಿ ಮುಟ್ಟಿದ್ರೆ ಗಂಟಲಲ್ಲಿ ಕಚಗುಳಿಯಾಗಿ ಕೆಮ್ಮು ಬರುತ್ತೆ. ಎರಡಕ್ಕೂ ಏನು ಸಂಬಂಧ?

ಡಾಕ್ಟರ್: ಗಂಟಲಿಗೆ ಹೋಗುವ ವೇಗಸ್ ನರದ ಒಂದು ಕವಲು ಕಿವಿನಾಳಕ್ಕೂ ಬರುತ್ತದೆ. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಫ್ರೆಡ್ರಿಕ್ ಆರ್ನಾಲ್ಡ್ (1803–1890) ಅವರ ಹೆಸರಿನಲ್ಲಿ ಅದನ್ನು ಆರ್ನಾಲ್ಡ್ ನರ ಅನ್ನುತ್ತೇವೆ. ಕೆಮ್ಮು ಬರುವುದು ರೋಗವಲ್ಲ. ಇದೇ ಹೆಣಿಗೆಯಿಂದ ಗಂಟಲು, ಹಲ್ಲು, ದವಡೆಯ ತೊಂದರೆಯೂ ಕಿವಿಯಲ್ಲಿ ಕಾಣಿಸಿಕೊಳ್ಳಬಹುದು. ಕಿವಿಯಲ್ಲಿ ಏನೂ ಸಿಗದಿದ್ದರೆ ಅಲ್ಲಿ ಹುಡುಕಬೇಕು.

ಈಜುಗಾರ: ಎರಡೂ ಕಿವಿ ವಿಪರೀತ ತುರಿಕೆ. ಆಂಟಿಬಯಾಟಿಕ್ ಡ್ರಾಪ್ಸ್ ಮೂರು ವಾರ ಹಾಕಿದೆ, ಇನ್ನೂ ಜಾಸ್ತಿ ಆಯ್ತು. ಒದ್ದೆ ಕಾಗದದ ಥರ ಏನೋ ಬರುತ್ತೆ, ಅದರಲ್ಲಿ ಕಪ್ಪು ಚುಕ್ಕೆ.

ಡಾಕ್ಟರ್: ಶಿಲೀಂಧ್ರ, ಹೆಚ್ಚುಕಡಿಮೆ ಖಚಿತ. ಆ ಡ್ರಾಪ್ಸ್ ನಿಲ್ಲಿಸಿ, ಅದು ಬ್ಯಾಕ್ಟೀರಿಯಾ ಕೊಂದು ಶಿಲೀಂಧ್ರಕ್ಕೆ ಜಾಗ ಮಾಡಿಕೊಟ್ಟಿದೆ. ಮೊದಲು ಸಕ್ಷನ್‌ನಲ್ಲಿ ಆ ಪದರ ತೆಗೆಸಬೇಕು, ಇಲ್ಲದಿದ್ದರೆ ಔಷಧ ಚರ್ಮ ಮುಟ್ಟುವುದೇ ಇಲ್ಲ. ಆಮೇಲೆ ಡಾಕ್ಟರ್ ಬರೆದುಕೊಡುವ, ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ ಥರದ ಡ್ರಾಪ್ಸ್. ತುರಿಕೆ ನಿಂತ ದಿನವೇ ಬಿಡಬೇಡಿ, ಹೇಳಿದಷ್ಟು ದಿನ ಮುಗಿಸಿ. ಅಲ್ಲಿಯವರೆಗೆ ಈಜು ಬೇಡ. ಸ್ನಾನಕ್ಕೆ ವ್ಯಾಸಲೀನ್ ಸವರಿದ ಹತ್ತಿಯುಂಡೆ ಕಿವಿಬಾಯಿಗೆ ಇಟ್ಟುಕೊಳ್ಳಿ.

ಹಳೇ ರೇಡಿಯೋ: ಹಿಯರಿಂಗ್ ಏಡ್ ಹಾಕಿದ ಕಿವಿಯಲ್ಲಿ ಮಾತ್ರ ತುರಿಕೆ. ಕಿವಿಯೊಳಗೆ ಕೂರೋ ಮೋಲ್ಡ್ ಬದಲಿಸಬೇಕಾ?

ಹಸಿರೆಲೆ: ಎಲ್ಲರಿಗೂ ಉಪಯೋಗ ಆಗಲಿ ಅಂತ ಫಾರ್ವರ್ಡ್ ಮಾಡ್ತಿದ್ದೀನಿ: "ಬೆಳ್ಳುಳ್ಳಿ ರಸ 3 ಹನಿ ಕಿವಿಗೆ ಬಿಡಿ, 10 ನಿಮಿಷದಲ್ಲಿ ಹುಳ ಹೊರಗೆ! ಉಳಿದ ಕೊಳೆಗೆ ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ಇಯರ್ ಕ್ಯಾಂಡಲ್."

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಹಸಿ ಬೆಳ್ಳುಳ್ಳಿ ರಸ ಕೈಮೇಲಿನ ದಪ್ಪ ಚರ್ಮವನ್ನೇ ಸುಟ್ಟು ಬೊಕ್ಕೆ ಎಬ್ಬಿಸುತ್ತದೆ, ಕಿವಿಯೊಳಗಿನ ಚರ್ಮದ ಗತಿ ಏನು? ಕಿವಿಗೆ ಇಟ್ಟು ಹಚ್ಚುವ ಆ ಟೊಳ್ಳು ಕ್ಯಾಂಡಲ್ ಏನನ್ನೂ ಎಳೆಯುವುದಿಲ್ಲ. ಕೊನೆಗೆ ಸಿಗುವ ಕಂದು ಪುಡಿ ಮೇಣದಬತ್ತಿಯದೇ. ಸುಟ್ಟಗಾಯ, ತಮಟೆ ತೂತು ಆಗುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಎಚ್ಚರಿಸಿದೆ.

ಹಸಿರೆಲೆ: ಪೆರಾಕ್ಸೈಡ್ ಬಗ್ಗೆ ಏನೂ ಹೇಳಲಿಲ್ಲ. ನೊರೆ ಬರುತ್ತೆ ಅಂದ್ರೆ ಕೊಳೆ ಏಳ್ತಿದೆ ಅಂತಲೇ ಅಲ್ವಾ?

ಗುಂಡುಸೂಜಿ: ಅಲ್ಲ. ನಮ್ಮ ಜೀವಕೋಶಗಳಲ್ಲಿರೋ ಕಿಣ್ವ ತಾಗಿದ್ರೂ ನೊರೆ ಬರುತ್ತೆ. ಗಾಯಕ್ಕೆ ಹಾಕಿದಾಗ ನೋಡಿಲ್ವಾ?

ಹಸಿರೆಲೆ: ನಿಮ್ಮನ್ನ ಕೇಳಲಿಲ್ಲ.

ಗುಂಡುಸೂಜಿ: ಗುಂಪಿಗೆ ಹಾಕಿದ ಮೇಲೆ ಎಲ್ಲರೂ ಉತ್ತರ ಕೊಡ್ತಾರೆ. ಇದನ್ನ ಓದಿ ಯಾರಾದ್ರೂ ಮಗುವಿನ ಕಿವಿಗೆ ಬಿಟ್ರೆ ಜವಾಬ್ದಾರಿ ಯಾರದು?

ದೊಡ್ಡಮಗ: ಡಾಕ್ಟ್ರೇ, ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ. ಬಲಗಿವಿ ತುರಿಕೆ ಅಂತ ಒಂದು ತಿಂಗಳಿಂದ ಕಡ್ಡಿ ಹಾಕ್ತಿದ್ರು. ಮೇಲಿನ ಫಾರ್ವರ್ಡ್ ಮುಂಚೆಯೇ ನೋಡಿ ಬೆಳ್ಳುಳ್ಳಿ ರಸಾನೂ ಬಿಟ್ಟಿದ್ದಾರೆ. ಹತ್ತು ದಿನದಿಂದ ನೋವು, ರಾತ್ರಿ ನಿದ್ದೆಯೇ ಇಲ್ಲ. ಸ್ವಲ್ಪ ಕೀವು. ನಾಳಿದ್ದು ಅಪಾಯಿಂಟ್‌ಮೆಂಟ್ ಇದೆ, ಅಲ್ಲಿವರೆಗೆ ಏನು ಹಾಕಲಿ?

ಡಾಕ್ಟರ್: ಏನೂ ಹಾಕಬೇಡಿ. ನಾಳಿದ್ದಿನವರೆಗೆ ಕಾಯಲೂ ಬೇಡಿ. ಈಗಲೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಕಾರಣ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರುವ ಹಿರಿಯರಲ್ಲಿ ಕಿವಿನಾಳದ ಸಣ್ಣ ಗಾಯಕ್ಕೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿ, ಮೃದ್ವಸ್ಥಿ ಮತ್ತು ಮೂಳೆ ಕೂಡುವ ಜಾಗದಿಂದ ತಲೆಬುರುಡೆಯ ತಳದ ಮೂಳೆಗೆ ಇಳಿಯಬಹುದು. ಗುರುತು ಇದೇ: ಕಣ್ಣಿಗೆ ಕಾಣುವುದು ಸ್ವಲ್ಪ, ನೋವು ಮಾತ್ರ ಅದಕ್ಕೆ ಮೀರಿದ್ದು, ರಾತ್ರಿ ಇನ್ನೂ ಹೆಚ್ಚು. ಮುಂದುವರಿದರೆ ಮುಖದ ನರ ಹಿಡಿಯುತ್ತದೆ. ಈಗ ಕನ್ನಡಿ ಮುಂದೆ ಹಲ್ಲು ಕಿರಿಯಲು, ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿ. ಬಾಯಿ ಒಂದು ಕಡೆ ಎಳೆದರೆ, ಬಲಗಣ್ಣು ಪೂರ್ತಿ ಮುಚ್ಚದಿದ್ದರೆ ಹೋದ ತಕ್ಷಣ ಅದನ್ನೇ ಮೊದಲು ಹೇಳಿ. "ಸಕ್ಕರೆ ಇದೆ, ಹತ್ತು ದಿನದಿಂದ ರಾತ್ರಿ ನೋವು, ಕೀವು" ಈ ಮೂರೂ ಮಾತು ಬರೆಸಿ. ಕಿವಿಗೆ ನೀರು ಹೊಡೆದು ತೊಳೆಯಲು ಯಾರಿಗೂ ಬಿಡಬೇಡಿ. ಆ ಸೋಂಕೇ ಆಗಿದ್ದರೆ ವಾರಗಟ್ಟಲೆ ಆಂಟಿಬಯಾಟಿಕ್ ಬೇಕಾಗುತ್ತದೆ, ತಡವಾದಷ್ಟೂ ಕಷ್ಟ.

ದೊಡ್ಡಮಗ: ಮುಖ ಸರಿಯಾಗಿದೆ. ಹೊರಟ್ವಿ.

ಹಸಿರೆಲೆ: ನಾನು ಒಳ್ಳೇದಕ್ಕೇ ಹಾಕಿದ್ದು. ಅವರಪ್ಪ ಕಡ್ಡಿ ಹಾಕಿಕೊಂಡಿದ್ದಕ್ಕೆ ನಾನು ಕಾರಣನಾ?

ಗುಂಡುಸೂಜಿ: ಇನ್ನೂ ಅಳಿಸಿಲ್ಲ ನೀವು.

ತಾರಸಿ: ಇಬ್ಬರೂ ನಿಲ್ಲಿಸ್ರಪ್ಪ. ಸ್ನಾನ ಆದಮೇಲೆ ನೀರು ಒರೆಸೋಕಾದ್ರೂ ಬಡ್ಸ್ ಹಾಕಬಹುದಾ ಡಾಕ್ಟ್ರೇ?

ಡಾಕ್ಟರ್: ಬೇಡ ಎಂದು ಹೇಳಿಯಾಗಿದೆ. ತಲೆ ವಾಲಿಸಿ, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ನೀರು ಬಸಿಯಿರಿ. ಬೇಕಿದ್ದರೆ ಹೇರ್ ಡ್ರೈಯರ್, ಅತಿ ಕಡಿಮೆ ಶಾಖದಲ್ಲಿ, 30 ಸೆಂ.ಮೀ. ದೂರದಿಂದ.

ಕಾಗದದ ದೋಣಿ: ನಿಜವಾಗ್ಲೂ ಹುಳ ಹೋಗಿದ್ರೆ?

ಡಾಕ್ಟರ್: ಒಮ್ಮೆಲೇ ಶುರುವಾಗಿ, ಒದ್ದಾಟ, ಸದ್ದು, ಚುಚ್ಚು ನೋವು ಇದ್ದರೆ ಹುಳ. ತಮಟೆ ತೂತಿಲ್ಲದಿದ್ದರೆ ಬೇಬಿ ಆಯಿಲ್ ತುಂಬಿಸಿ 5–10 ನಿಮಿಷ ಮಲಗಿ, ಅದು ಸಾಯಲಿ. ತೆಗೆಯುವ ಕೆಲಸ ಡಾಕ್ಟರಿಗೆ ಬಿಡಿ. ತಿಂಗಳುಗಟ್ಟಲೆ ಕಚಗುಳಿಗೆ ಹುಳ ಕಾರಣವಲ್ಲ.

ಮುಂಜಾವು: ಮೇಡಂ, ಗಮನಿಸಿದೆ. ಅಗಿಯುವಾಗ ಹೌದು. ಸದ್ದಿಗೆ ಇಲ್ಲ, ಉಸಿರು ಕೇಳಲ್ಲ. ಬಲಮಗ್ಗುಲಾಗಿ ಮಲಗಿದ್ರೆ ಶುರು, ಎಡಕ್ಕೆ ತಿರುಗಿದ್ರೆ ಕಡಿಮೆ.

ಡಾಕ್ಟರ್: ಒಳ್ಳೆಯ ಸುಳಿವು. ಬಲಕ್ಕೆ ಮಲಗಿದಾಗ ಎಡಗಿವಿ ಮೇಲಾಗುತ್ತದೆ, ಸಡಿಲವಾಗಿರುವುದು ಏನಿದ್ದರೂ ತಮಟೆಯ ಮೇಲೆ ಕೂರುತ್ತದೆ. ಎಡಕ್ಕೆ ತಿರುಗಿದರೆ ದೂರ ಸರಿಯುತ್ತದೆ. ಅಗಿಯುವಾಗ ದವಡೆ ಕೀಲು ನಾಳದ ಮುಂಗೋಡೆಯನ್ನು ಅಲುಗಿಸುತ್ತದೆ. ಇನ್ನೊಂದು ನೋಡಿಕೊಳ್ಳಿ: ಕಿವಿಯ ಮುಂದೆ ಬೆರಳೊತ್ತಿ ಬಾಯಿ ತೆರೆದಾಗ ನೋವು, ಕಟಕಟ ಇದ್ದರೆ ದವಡೆಯನ್ನೂ ತೋರಿಸಬೇಕು.

ತಮಟೆ ಚೆನ್ನಾಗಿದೆ ಎಂದು ಇಬ್ಬರು ಹೇಳಿರುವುದರಿಂದ ಒಂದು ಪ್ರಯತ್ನ ಮಾಡಬಹುದು. ಆಲಿವ್ ಎಣ್ಣೆಯ ಸಣ್ಣ ಬಾಟಲಿಯನ್ನು 10 ನಿಮಿಷ ಮುಷ್ಟಿಯಲ್ಲಿ ಹಿಡಿದು ಮೈಬಿಸಿಗೆ ತನ್ನಿ. ತಣ್ಣಗಿದ್ದರೂ ಬಿಸಿಯಾಗಿದ್ದರೂ ಒಳಗಿವಿ ಕೆರಳಿ ತಲೆ ಸುತ್ತುತ್ತದೆ. ಬಲಮಗ್ಗುಲಾಗಿ ಮಲಗಿ, ಕಿವಿ ಮೇಲಕ್ಕೆ ಹಿಂದಕ್ಕೆ ಎಳೆದು 4 ಹನಿ ಬಿಡಿ. 5 ನಿಮಿಷ ಬಿಟ್ಟು ಬಿಳಿ ಟಿಶ್ಯೂ ಮೇಲೆ ಕಿವಿ ಬಸಿದು ಬೆಳಕಿನಲ್ಲಿ ನೋಡಿ. ಮೂರು ರಾತ್ರಿ ಸಾಕು. ನೋವು ಬಂದರೆ ನಿಲ್ಲಿಸಿ.

ಏನೂ ಬರದಿದ್ದರೆ "ಮೈಕ್ರೋಸ್ಕೋಪ್ ಅಥವಾ ಓರೆ ಎಂಡೋಸ್ಕೋಪಿನಲ್ಲಿ ತಮಟೆಯ ಮುಂದಿನ ಮೂಲೆ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಅಲ್ಲೂ ಏನೂ ಕಾಣದಿದ್ದರೆ ನರವೇ ಅತಿಯಾಗಿ ಎಚ್ಚರಗೊಂಡಿದೆ ಅಂತ ಯೋಚಿಸಬೇಕು. ಆಗ ಕಡ್ಡಿ, ಬೆರಳು ಎರಡೂ ದೂರ. ಕಚಗುಳಿ ಎದ್ದಾಗ ಕಿವಿತೂತಿನ ಮುಂದಿನ ಪುಟ್ಟ ಉಬ್ಬನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ, ಇಲ್ಲವೇ ಕಿವಿಯ ಹಿಂದೆ ತಣ್ಣನೆಯ ಬಟ್ಟೆ ಇಡಿ. ಚರ್ಮಕ್ಕೆ ಬೇರೆ ಸ್ಪರ್ಶ ಸಿಕ್ಕಾಗ ಕಚಗುಳಿಯ ಸುದ್ದಿ ಮಂಕಾಗುತ್ತದೆ. ರಾತ್ರಿ ಕೋಣೆಯಲ್ಲಿ ಫ್ಯಾನಿನ ಸದ್ದಿರಲಿ, ತೀರಾ ನಿಶ್ಶಬ್ದದಲ್ಲಿ ಗಮನವೆಲ್ಲ ಕಿವಿಗೇ ಹೋಗುತ್ತದೆ. ಕೇಳುವುದು ಒಮ್ಮೆಲೇ ಕಡಿಮೆಯಾದರೆ, ಕಿವಿ ಮೇಲೆ ಗುಳ್ಳೆ ಎದ್ದರೆ, ತಲೆ ಸುತ್ತಿದರೆ ಅದೇ ದಿನ ಹೋಗಿ.

ಹಳೇ ರೇಡಿಯೋ: ನನ್ನ ಪ್ರಶ್ನೆ ಯಾರೂ ನೋಡಲೇ ಇಲ್ಲ.

ಹಸಿರೆಲೆ: ಹಾಗಾದ್ರೆ ಎಣ್ಣೆ ಸರಿ, ಬೆಳ್ಳುಳ್ಳಿ ಹಾಕಿದ ಎಣ್ಣೆ ಮಾತ್ರ ತಪ್ಪಾ? ಇದ್ಯಾವ ನ್ಯಾಯ?

ಡಾಕ್ಟರ್: ಹೌದು, ತಪ್ಪು. ಕಾರಣ ಮೇಲೆ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ. ನಿರ್ವಾಹಕರೇ, ಆ ಫಾರ್ವರ್ಡ್ ತೆಗೆಯಿರಿ.

ನಿರ್ವಾಹಕರು: ತೆಗೆದಿದ್ದೀನಿ. ಹಸಿರೆಲೆ, ಗುಂಡುಸೂಜಿ, ಇವತ್ತಿಗೆ ಇಬ್ಬರೂ ಸಾಕು ಮಾಡಿ.

ಡಾಕ್ಟರ್: ದೊಡ್ಡಮಗ ಅವರೇ, ತಲುಪಿದಿರಾ?

ದೊಡ್ಡಮಗ: ಈಗ ಒಳಗೆ ಕರೆದ್ರು ಡಾಕ್ಟ್ರೇ. ಸಕ್ಕರೆ 340 ಇದೆಯಂತೆ. ನೀವು ಹೇಳಿದ ಮೂರೂ ಬರೆಸಿದೆ.

ಡಾಕ್ಟರ್: ಸ್ಕ್ಯಾನ್ ಬೇಕಾ ಅಂತ ಕೇಳಿ. ಇಎನ್‌ಟಿಯವರು ಬಂದು ನೋಡುವವರೆಗೆ ಅಲ್ಲಿಂದ ಕದಲಬೇಡಿ.