ಹಳೆಯ ವೀಣೆಯನ್ನು ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ (ಮಲ್ಲೇಶ್ವರದಿಂದ):
ನಮಸ್ಕಾರ. ಕಚೇರಿಯ ಕೆಲಸ ಮುಗಿಸಿ ಸಂಜೆ ವೀಣೆ ಕಲಿಯುತ್ತಿರುವ ನನಗೆ, ಬಸವನಗುಡಿಯ ಮನೆಯೊಂದರಲ್ಲಿ ಬಹುಕಾಲ ನುಡಿಸದೆ ಇಟ್ಟಿದ್ದ ತಂಜಾವೂರು ವೀಣೆಯೊಂದು ಮಾರಾಟಕ್ಕಿದೆಯೆಂದು ತಿಳಿಯಿತು. ನೋಡಲು ಹೋದಾಗ ಏನನ್ನು ಗಮನಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಜಯನಗರದಿಂದ):
ಮೊದಲು ವೀಣೆಯನ್ನು ಮಾಡಿರುವ ಹಲಸಿನ ಮರದ ಸ್ಥಿತಿಯನ್ನು ನೋಡಿ. ಕೊಡವೂ (ದುಂಡನೆಯ ಟೊಳ್ಳು ಭಾಗ) ದಂಡಿಯೂ (ಉದ್ದನೆಯ ಕತ್ತು) ಸೇರುವಲ್ಲಿ ಬಿರುಕಿದ್ದರೆ ಅಥವಾ ದಂಡಿ ಬಾಗಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ವೀಣೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಮೇಳದ (ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳ ಸಾಲಿನ) ಬಗ್ಗೆ ಅಷ್ಟು ಆತಂಕ ಬೇಡ. ತಂತಿಗಳ ಕೆಳಗಿರುವ 24 ಲೋಹದ ಮೆಟ್ಟಿಲುಗಳನ್ನು ಹಿಡಿದಿಡುವ ಮೇಣವು ವರ್ಷಗಳು ಕಳೆದಂತೆ ಒಣಗಿ ಬಿರಿಯುವುದು ಸಹಜವಾದ್ದರಿಂದ, ನುರಿತ ಕುಶಲಕರ್ಮಿಯಿಂದ ಮೇಳವನ್ನು ಹೊಸದಾಗಿ ಕಟ್ಟಿಸಬಹುದು, ಆದರೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಮಾತನಾಡಿ. ಮೆಟ್ಟಿಲುಗಳ ಮೇಲೆ ತಂತಿ ಉಜ್ಜಿ ಆಳವಾದ ಗೀರುಗಳು ಬಿದ್ದಿವೆಯೇ ಎಂದು ಬೆರಳಾಡಿಸಿ ನೋಡಿ, ಏಕೆಂದರೆ ಗಮಕಕ್ಕಾಗಿ (ಸ್ವರವನ್ನು ಬಳುಕಿಸಲು) ತಂತಿಯನ್ನು ಎಳೆಯುವಾಗ ಅದು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಸಾಧ್ಯವಾದರೆ ತಮ್ಮ ಗುರುಗಳನ್ನೇ ಜೊತೆಗೆ ಕರೆದೊಯ್ಯಿರಿ. ನಾದವನ್ನು ಅಳೆಯಲು ಪಳಗಿದ ಕಿವಿಯೇ ಬೇಕು.

ಉತ್ತರ (ರಾಜಾಜಿನಗರದಿಂದ):
ತಂತಿಗಳನ್ನು ಬಿಗಿಮಾಡುವ ಬಿರಡೆಗಳನ್ನೂ ತಿರುಗಿಸಿ ನೋಡಿ. ಸ್ವಲ್ಪ ಜಾರಿದರೆ ಸೀಮೆಸುಣ್ಣದ ಪುಡಿ ಸಾಕು.

ಉತ್ತರ (ವಿಜಯನಗರದಿಂದ):
ಕೊಂಡ ಮೇಲೆ ಸಾಗಿಸುವಾಗ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆಯನ್ನು ಎಂದಿಗೂ ಬಿಡಬೇಡಿ, ಮೇಣ ಮೆತ್ತಗಾಗಿ ಮೆಟ್ಟಿಲುಗಳು ಸ್ಥಾನ ತಪ್ಪುತ್ತವೆ. ನಮ್ಮ ಬೆಂಗಳೂರಿನ ಮಳೆಗಾಲದ ತೇವಕ್ಕೆ ಉಕ್ಕಿನ ತಂತಿಗಳು ಬೇಗ ತುಕ್ಕು ಹಿಡಿಯುವುದರಿಂದ, ನುಡಿಸಿದ ಬಳಿಕ ಏಳೂ ತಂತಿಗಳನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಹೊರಗೋಡೆಗೆ ತಾಗದಂತೆ ಇಡಿ.