ದಸರಾ ರಜೆ: ಬಿಡದಿಗೆ ಹೋಗೋದಾ, ಗೊಟಗೋಡಿಗೆ ಹೋಗೋದಾ?

ಬೆಟಗೇರಿ ಅಕ್ಕ (ಗದಗ)

ಎಲ್ಲರಿಗೂ ನಮಸ್ಕಾರ. ದಸರಾ ರಜೆ ಹತ್ತಿರ ಬಂತು, ನಮ್ಮ ಮನೆಯಲ್ಲಿ ಜಗಳ ಶುರುವಾಗಿದೆ. ಮಗಳು ಹತ್ತನೇ ಕ್ಲಾಸು. ಅವಳ ಗೆಳತಿಯರೆಲ್ಲ ಬೆಂಗಳೂರು ಹತ್ತಿರದ ಬಿಡದಿಯ ರೈಡುಗಳ ಪಾರ್ಕು ವಂಡರ್‌ಲಾ ನೋಡಿ ಬಂದಿದ್ದಾರಂತೆ, ಇವಳೊಬ್ಬಳೇ ಬಾಕಿ ಅಂತೆ. ಮಗ ಎರಡನೇ ಕ್ಲಾಸು. ಅಕ್ಕ ಹೂಂ ಅಂದದ್ದಕ್ಕೆಲ್ಲ ಅವನದ್ದೂ ಹೂಂ. ನಮ್ಮ ಯಜಮಾನರದ್ದು ಒಂದೇ ಹಟ: "ರೊಕ್ಕ ಕೊಟ್ಟು ತಲೆಕೆಳಗಾಗಿ ಜೋತಾಡಾಕ ಬೆಂಗಳೂರಿಗೆ ಯಾಕ ಹೋಗಬೇಕು? ಇಲ್ಲೇ ಶಿಗ್ಗಾವಿ ಹತ್ರ ಗೊಟಗೋಡಿಯಾಗ ರಾಕ್ ಗಾರ್ಡನ್ ಐತಲ್ಲ."

ಅತ್ತೆಯವರಿಗೆ ಮೊಣಕಾಲು ನೋವು. ಆದರೆ ಅವರನ್ನು ಬಿಟ್ಟು ಹೋದರೆ ವರ್ಷವಿಡೀ ಕೇಳಬೇಕು. ರಾಣೇಬೆನ್ನೂರಿನಿಂದ ತಂಗಿ, ಅವಳ ಗಂಡ, ಕೂಸು ಕೂಡ ಬರುತ್ತಾರೆ. ಕೂಸಿಗೆ ಇನ್ನೂ ಎರಡು ತುಂಬಿಲ್ಲ.

ಇಷ್ಟು ಮಂದಿ ಕಟ್ಟಿಕೊಂಡು ವಂಡರ್‌ಲಾಕ್ಕೆ ಹೋದರೆ ಕೊಟ್ಟ ದುಡ್ಡು ಹುಟ್ಟುತ್ತದಾ? ಅಲ್ಲಿ ನಿಜವಾಗಿ ನೋಡಲೇಬೇಕಾದ ರೈಡು ಯಾವುದು? ಮಗಳು "ರಿಕಾಯಿಲ್, ರಿಕಾಯಿಲ್" ಅಂತ ಜಪ ಮಾಡುತ್ತಿದ್ದಾಳೆ. ಹಳಿ ಮೇಲೆ ಓಡೋ ಆ ರೋಲರ್ ಕೋಸ್ಟರಿನ ವಿಡಿಯೋ ನೋಡಿಯೇ ನನಗೆ ಹೊಟ್ಟೆ ತೊಳಸಿತು. ಅದು ಎಷ್ಟು ಸೇಫು? ಹೋಗಿ ಬಂದವರು ದಯವಿಟ್ಟು ಹೇಳಿ.

ಸಪ್ತಾಪುರ ಹುಡುಗ (ಧಾರವಾಡ)

ಅಕ್ಕಾ, ಕಣ್ಣು ಮುಚ್ಚಿಕೊಂಡು ವಂಡರ್‌ಲಾ. ಇದರಲ್ಲಿ ಕೇಳೋದೇನಿದೆ? ರಿಕಾಯಿಲ್ ಬಿಟ್ಟರೆ ಹೋದದ್ದೇ ವೇಸ್ಟು. ಮುಂದಕ್ಕೆ ಹೋಗುವಾಗ ತಲೆಕೆಳಗು ಮಾಡುತ್ತದೆ, ಮುಗೀತಪ್ಪ ಅನ್ನುವಷ್ಟರಲ್ಲಿ ಅದೇ ಹಳಿ ಮೇಲೆ ಹಿಂದಕ್ಕೆ ಬಿಟ್ಟು ಇನ್ನೊಮ್ಮೆ ತಲೆಕೆಳಗು ಮಾಡುತ್ತದೆ. ಹಿಂದಕ್ಕೆ ಬರುವಾಗ ಮುಂದೇನು ಅಂತ ಕಾಣಲ್ಲ ನೋಡಿ, ಮಜಾ ಇರೋದೇ ಅಲ್ಲಿ.

ಶನಿವಾರ, ಭಾನುವಾರ, ಆಯುಧಪೂಜೆ, ವಿಜಯದಶಮಿ ದಿನ ಮಾತ್ರ ಬೇಡ. ಟಿಕೆಟ್ಟೂ ಜಾಸ್ತಿ, ಸಾಲೂ ಜಾಸ್ತಿ. ಮಂಗಳವಾರ, ಬುಧವಾರ ನೋಡಿ. ಗೇಟು ತೆಗೆಯೋ ಹೊತ್ತಿಗೆ ಅಲ್ಲಿರಬೇಕು. ಒಳಗೆ ಹೋದವರೆಲ್ಲ ಮೊದಲು ಕಂಡ ರೈಡಿಗೇ ಸಾಲು ಹಚ್ಚುತ್ತಾರೆ. ನೀವು ಸೀದಾ ದೊಡ್ಡ ರೈಡಿನ ಕಡೆ ಹೋಗಿ, ಅವನ್ನು ಮುಗಿಸಿ ನೀರಿಗೆ ಇಳಿಯಿರಿ.

ಗೊಟಗೋಡಿಯಲ್ಲಿ ಏನಿದೆ ಅಕ್ಕಾ? ಸಿಮೆಂಟಿನ ಎಮ್ಮೆ ನೋಡೋಕೆ ಟಿಕೆಟ್ ಯಾಕೆ, ಬೆಟಗೇರಿಯಲ್ಲಿ ಜೀವಂತ ಎಮ್ಮೆ ಸಿಗುತ್ತವಲ್ಲ. 😄

ವರ್ಕ್‌ಶಾಪ್ ಕಾಕಾ (ಹುಬ್ಬಳ್ಳಿ)

ತಂಗಿ, ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ಈಗ ರಿಟೈರ್ಡ್. ಮೊಮ್ಮಕ್ಕಳ ಕಾಟಕ್ಕೆ ಬಿಡದಿ ನೋಡಿದ್ದೇನೆ, ಪುಣೆ ದಾಟಿ ಖೋಪೋಲಿಯ ಇಮ್ಯಾಜಿಕಾ ಪಾರ್ಕು ನೋಡಿದ್ದೇನೆ, ನಮ್ಮ ಸುತ್ತಿನ ಜಾತ್ರೆಗಳ ತೊಟ್ಟಿಲಂತೂ ಲೆಕ್ಕವೇ ಇಲ್ಲ. ಎಲ್ಲಿ ಹೋದರೂ ಮಂದಿ ಮೇಲೆ ನೋಡಿದರೆ ನಾನು ಕೆಳಗೆ ನಟ್ಟು ಬೋಲ್ಟು ನೋಡುತ್ತೇನೆ. ನನ್ನ ಮನೆಯವಳಿಗೆ ಇದೇ ಸಿಟ್ಟು.

ಮೊದಲು ಸೇಫು ಅಂದಿರಲ್ಲ, ಅದನ್ನು ಹೇಳುತ್ತೇನೆ. ನಮ್ಮ ರೈಲು ಹಳಿ ಮೇಲೆ ನಿಲ್ಲೋದು ಬರೀ ತನ್ನ ತೂಕದಿಂದ, ಜೊತೆಗೆ ಚಕ್ರದ ಒಳಗಿನ ಅಂಚಿನಿಂದ. ರೋಲರ್ ಕೋಸ್ಟರ್ ಹಾಗಲ್ಲ. ಅದಕ್ಕೆ ಹಳಿ ಮೇಲೆ ಒಂದು ಚಕ್ರ, ಬದಿಗೆ ಒಂದು, ಹಳಿಯ ಕೆಳಗೆ ಒಂದು. ಮೂರೂ ಸೇರಿ ಹಳಿಯನ್ನು ಹಿಡಿದುಕೊಂಡಿರುತ್ತವೆ. ತಲೆಕೆಳಗಾದರೂ ಗಾಡಿ ಕಳಚಿ ಬೀಳದಿರೋದು ಅದಕ್ಕೆ. ಮೋಟರ್ ಕೆಲಸ ಮೇಲೆ ಎಳೆಯುವ ತನಕ ಅಷ್ಟೇ. ಬಿಟ್ಟ ಮೇಲೆ ಎಂಜಿನ್ ಇಲ್ಲ ಏನಿಲ್ಲ, ಇಳಿಜಾರೇ ಎಲ್ಲ.

ಬ್ರೇಕು ಗಾಡಿಯಲ್ಲಿ ಇರೋದಿಲ್ಲ, ಹಳಿಯಲ್ಲಿರುತ್ತದೆ. ಗಾಡಿಯ ಹೊಟ್ಟೆ ಕೆಳಗೆ ಉದ್ದಕ್ಕೆ ಒಂದು ಲೋಹದ ಪಟ್ಟಿ. ಸ್ಟೇಷನ್ನಿಗೆ ಬರುವಾಗ ಅದು ಹಳಿ ನಡುವಿನ ಎರಡು ದವಡೆಗಳ ಮಧ್ಯೆ ತೂರುತ್ತದೆ, ದವಡೆ ಕಚ್ಚಿ ಹಿಡಿಯುತ್ತದೆ. ಹೊಸದರಲ್ಲಿ ಅಯಸ್ಕಾಂತವೂ ಬಂದಿದೆ. ಚಲೋ ಮಾಡಿದ್ದರೆ ದವಡೆ ಬಿಗಿ ಹಿಡಿಯೋದು ಸ್ಪ್ರಿಂಗು, ಬಿಡಿಸೋದು ಗಾಳಿ. ಅಂದರೆ ಗಾಳಿ ಸೋರಿದರೂ, ಕರೆಂಟು ಹೋದರೂ ಬ್ರೇಕು ತಾನೇ ಬೀಳುತ್ತದೆ. ರೈಲಿನಲ್ಲೂ ಇದೇ ನಿಯಮ. ನೀವು ಚೈನ್ ಎಳೆದಾಗ ಬ್ರೇಕ್ ಪೈಪಿನ ಗಾಳಿ ಹೊರಗೆ ಹೋಗುತ್ತದೆ, ಗಾಡಿ ನಿಲ್ಲುತ್ತದೆ. ಹಾಗಾಗಿ ರೈಡು ನಡುವೆ ನಿಂತುಬಿಟ್ಟರೆ ಮಂದಿ ಬಾಯಿ ಬಡಿದುಕೊಳ್ಳುತ್ತಾರೆ, ನನಗೆ ಮಾತ್ರ ಸಮಾಧಾನ.

ಮಗಳಿಗೆ ಒಂದು ಗುಟ್ಟು ಹೇಳಿ. ಮೇಲಿಂದ ಕೆಳಗೆ ಧುಮುಕುವ ಕೋಸ್ಟರಿನಲ್ಲಿ ಹಿಂದಿನ ಸೀಟು ಹಿಡಿಯಲಿ. ಮುಂದಿನ ಡಬ್ಬಿ ತುದಿ ದಾಟಿದಾಗ ಹಿಂದಿನ ಭಾರ ಇನ್ನೂ ಎಳೆಯುತ್ತಿರುತ್ತದೆ, ಅದು ನಿಧಾನ ಇಳಿಯುತ್ತದೆ. ಕೊನೆ ಡಬ್ಬಿ ತುದಿಗೆ ಬರುವಷ್ಟರಲ್ಲಿ ಮುಂದಿನವೆಲ್ಲ ಇಳಿಜಾರಿನಲ್ಲಿ, ಹಾಗಾಗಿ ಅದನ್ನು ಜಗ್ಗಿ ಒಗೆದ ಹಾಗೆ ಆಗುತ್ತದೆ. ನಮ್ಮ ಕ್ಯಾಸಲ್‌ರಾಕ್–ಕುಳೆಂ ಘಾಟಿನಲ್ಲಿ 37 ಅಡಿಗೆ 1 ಅಡಿ ಇಳಿತ ಇದೆ. ರೈಲಿಗೆ ಅದೇ ಭಯಂಕರ ಇಳಿಜಾರು. ಬ್ರೇಕು ಪರೀಕ್ಷೆ ಮಾಡದೆ ಕೆಳಗೆ ಬಿಡೋದಿಲ್ಲ, ಹತ್ತುವಾಗ ಹಿಂದಿನಿಂದ ತಳ್ಳೋಕೆ ಬೇರೆ ಎಂಜಿನ್ ಬೇಕು. ಆ ಲೆಕ್ಕದಲ್ಲಿ ಕೋಸ್ಟರ್ ಅಂದರೆ ಗೋಡೆ ಇಳಿದ ಹಾಗೆ.

ಸಪ್ತಾಪುರದ ತಮ್ಮಾ, ರಿಕಾಯಿಲ್ ಚಲೋ ಇದೆ, ನಾನು ಇಲ್ಲ ಅನ್ನಲ್ಲ. ಆದರೆ ಅಕ್ಕಾರು ಕೇಳಿದ್ದು ನಿನ್ನಂಥ ನಾಲ್ಕು ಹುಡುಗರ ಟ್ರಿಪ್ಪಲ್ಲ. ನಾನಾದರೆ ಮೊದಲು ನೋಡೋದು, ಚೀಲ ಹಿಡಿದು ಹೊರಗೆ ಕೂರುವವರು ಯಾರು ಅಂತ. ದೊಡ್ಡ ರೈಡಿಗೆ 140 ಸೆಂಟಿಮೀಟರ್ ಎತ್ತರ ಬೇಕು. ಭುಜದ ಮೇಲೆ ಕೂರುವ ಪಟ್ಟಿ ಆ ಅಳತೆಯ ಮೈಗೇ ಮಾಡಿದ್ದು, ಅತ್ತರೂ ಕರೆದರೂ ಬಿಡೋದಿಲ್ಲ, ಬಿಡಲೂಬಾರದು. ಎರಡನೇ ಕ್ಲಾಸಿನ ಮಗ ಹೊರಗೆ. ಅವನ ಜೊತೆ ನೀವು ಹೊರಗೆ. ಕೂಸು ಹೊರಗೆ, ಕೂಸಿನ ತಾಯಿ ಹೊರಗೆ. ಅತ್ತೆಯವರು ಸೀರೆಯಲ್ಲಿ, ನೀರಿಗಿಳಿಯೋ ಹಾಗಿಲ್ಲ, ಹೊರಗೆ. ಒಳಗೆ ಹೋಗೋದು ಮಗಳು, ತಂಗಿಯ ಗಂಡ, ಮತ್ತೆ ಬೈಯುತ್ತಾ ಬೈಯುತ್ತಾ ನಿಮ್ಮ ಯಜಮಾನರು. ಇಷ್ಟಕ್ಕೆ ಮನೆಮಂದಿಯ ಟಿಕೆಟ್ಟು, ಒಂದು ರಾತ್ರಿಯ ರೈಲು!

ಊರಲ್ಲೇ ಬಾಗಿಲ ಚೌಕಟ್ಟಿಗೆ ಪೆನ್ಸಿಲ್ ಗೆರೆ ಎಳೆದು ಮಗನ ಎತ್ತರ ಅಳೆಯಿರಿ. 85ರಿಂದ 140ರ ತನಕ ಮಕ್ಕಳ ಟಿಕೆಟ್ಟು, 85ಕ್ಕಿಂತ ಕಡಿಮೆ ಇದ್ದರೆ ಟಿಕೆಟ್ಟಿಲ್ಲ. ಕೂಸಿಗೆ ದುಡ್ಡು ಬೀಳಲಿಕ್ಕಿಲ್ಲ.

ಎಲ್ಲರಿಗೂ ದಕ್ಕುವಂಥದ್ದು ಅಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಲೇಜಿ ರಿವರ್‌ನಲ್ಲಿ ಟ್ಯೂಬಿನ ಮೇಲೆ ಸುಮ್ನೆ ತೇಲಬಹುದು. ಅಲೆಯ ಕೊಳದ ದಡದಲ್ಲಿ ಮಗ ಸಂಜೆ ತನಕ ಕುಣಿಯುತ್ತಾನೆ. ನನ್ನನ್ನು ಕೇಳಿದರೆ ಇಡೀ ಪಾರ್ಕಿನ ರಾಜ ಆ ಅಲೆಯ ಕೊಳ. ಇಂಥ ಕೊಳಗಳಲ್ಲಿ ಹೆಚ್ಚಾಗಿ ಆಳದ ಕಡೆಯ ಗೋಡೆ ಹಿಂದೆ ಕೋಣೆಗಳಿರುತ್ತವೆ, ಅಲ್ಲಿ ಗಾಳಿ ತುಂಬಿ ನೀರನ್ನು ಒತ್ತಿ ಬಿಡುತ್ತಾರೆ, ಅದೇ ಅಲೆಯಾಗಿ ಬರುತ್ತದೆ. ಉತ್ತರ ಕರ್ನಾಟಕದ ನಾವು ಕಾರವಾರಕ್ಕೆ ಹೋಗದೆ ಅಲೆ ನೋಡೋದು ಎಲ್ಲಿ ಹೇಳಿ? ನೀರಿಗೆ ನೈಲಾನ್, ಲೈಕ್ರಾ ಬಟ್ಟೆ ಒಯ್ಯಿರಿ. ಕಾಟನ್ ಹಾಕಿಕೊಂಡರೆ ಬಿಡೋದಿಲ್ಲ. ನೂಲು ಬಿಟ್ಟು ಫಿಲ್ಟರ್ ಕಟ್ಟುತ್ತದೆ. ಜೀನ್ಸಿನ ಗುಂಡಿ ಜಾರುಬಂಡೆಯನ್ನು ಗೀರುತ್ತದೆ. ಸುಮ್ನೆ ರೂಲು ಮಾಡಿದ್ದಲ್ಲ ಅದು.

ಸಪ್ತಾಪುರ ಹುಡುಗ (ಧಾರವಾಡ)

ಕಾಕಾ, ಅಲೆಯ ಕೊಳ ರಾಜನಾ? 😂 ಅಲ್ಲಿ ನೀರಿಗಿಂತ ಮಂದಿ ಜಾಸ್ತಿ ಇರುತ್ತಾರೆ. ಒಂದು ಅಲೆ ಬಂದರೆ ಯಾರದೋ ಮೊಣಕೈ ನಮ್ಮ ಮೂಗಿಗೆ.

ಅಷ್ಟಕ್ಕೂ ರೈಡು ಬೇಕು, ಖರ್ಚು ಬೇಡ ಅಂದರೆ ಜಾತ್ರೆ ತೊಟ್ಟಿಲು ಸಾಕಲ್ಲ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆ ಇದ್ದೇ ಇದೆ.

ವರ್ಕ್‌ಶಾಪ್ ಕಾಕಾ (ಹುಬ್ಬಳ್ಳಿ)

ತೊಟ್ಟಿಲಿಗೆ ನನ್ನ ತಕರಾರಿಲ್ಲ, ಕಣ್ಣಿಟ್ಟು ನೋಡಿ ಹತ್ತಬೇಕು ಅಷ್ಟೇ. ಯಾವ ಊರು ಅಂತ ಹೇಳೋದಿಲ್ಲ, ಒಂದು ಜಾತ್ರೆಯಲ್ಲಿ ಮೊಮ್ಮಗನನ್ನು ತೊಟ್ಟಿಲಲ್ಲಿ ಕೂರಿಸಿದ್ದೆ. ಬಾಗಿಲ ಹತ್ತಿರ ಕೈಯಿಟ್ಟರೆ ಏನೋ ಚುಚ್ಚಿತು. ಬುಟ್ಟಿ ನೇತುಹಾಕಿದ ರಾಡಿನ ತುದಿಗೆ, ಅದು ಜಾರಿ ಬರದ ಹಾಗೆ ತಡೆಯುವ ಸ್ಪ್ಲಿಟ್ ಪಿನ್ ಇರಬೇಕು. ಪಿನ್ ಇಲ್ಲ, ಅದರ ಬದಲು ಬೇಲಿಗೆ ಕಟ್ಟುವ ತಂತಿ! ಎರಡು ಸುತ್ತು ಹಾಕಿ ತಿರುವಿದ್ದರು. ತುದಿ ಆಗಲೇ ತುಕ್ಕು ಹಿಡಿದು ಕೆಂಪಾಗಿತ್ತು. ಹುಡುಗನನ್ನು ಎತ್ತಿ ಇಳಿಸಿದೆ. ತೊಟ್ಟಿಲಿನವನು "ಯಾಕ್ರೀ ಕಾಕಾ, ಹೆದರಿದ್ರೇನು?" ಅಂದ. "ಹೌದಪಾ, ಹೆದರೀನಿ. ನೀ ಮೊದ್ಲ ಪಿನ್ ಹಾಕು" ಅಂದೆ. ರೊಕ್ಕ ವಾಪಸ್ ಕೊಡಲಿಲ್ಲ, ಬಿಡಿ. ಪಿನ್ ತಂದು ಹಾಕುವ ತನಕ ನಾನೂ ಅಲ್ಲಿಂದ ಕದಲಲಿಲ್ಲ.

ಅದಕ್ಕೇ ಹೇಳೋದು, ಹತ್ತುವ ಮೊದಲು ಕೆಳಗೆ ನೋಡಿ. ಕಾಲುಗಳ ಅಡಿಗೆ ದಪ್ಪ ಹಲಗೆ ಕೊಟ್ಟಿದ್ದಾರಾ, ಬರೀ ಮೆತ್ತನೆ ಮಣ್ಣಾ? ಮಳೆ ಬಿದ್ದ ಮರುದಿನವಂತೂ ಇದನ್ನು ನೋಡಲೇಬೇಕು. ಮಂದಿಯನ್ನು ಒಂದೇ ಕಡೆ ತುಂಬುತ್ತಾನೋ, ಎದುರಿಗೆ ಎದುರು ತೂಕ ನೋಡಿ ಕೂರಿಸುತ್ತಾನೋ? ತೂಕ ನೋಡಿ ಕೂರಿಸುವವನು ಕೆಲಸ ಬಲ್ಲವನು. ಗಾಳಿ ಎದ್ದರೆ ಹತ್ತಬೇಡಿ.

ಶಿಗ್ಗಾವಿ ಮೇಷ್ಟ್ರು (ಹಾವೇರಿ ಜಿಲ್ಲೆ)

ಸಪ್ತಾಪುರದವರೇ, ಸಿಮೆಂಟಿನ ಎಮ್ಮೆ ಅಂದಿರಲ್ಲ, ನೀವು ಒಳಗೆ ಹೋಗಿದ್ದೀರೋ ಅಥವಾ ಹೈವೇಯಿಂದ ನೋಡಿದ್ದೋ? ಉತ್ಸವ ರಾಕ್ ಗಾರ್ಡನ್ ಕಟ್ಟಿದ್ದು ಕಲಾವಿದ ಟಿ.ಬಿ. ಸೊಲಬಕ್ಕನವರ. 2020ರಲ್ಲಿ ತೀರಿಕೊಂಡರು. ಬಾಗಿಲಲ್ಲಿ ರಾಜಕುಮಾರ್ ಅವರ ಪಾತ್ರಗಳ ಮೂರ್ತಿಗಳಿವೆ, ಎಲ್ಲರೂ ಅಲ್ಲೇ ಫೋಟೋ ಹೊಡೆದುಕೊಂಡು ಸುಸ್ತಾಗುತ್ತಾರೆ. ಒಳಗೆ ಮೂರ್ತಿಗಳಲ್ಲೇ ಕಟ್ಟಿದ ಹಳ್ಳಿ ನೋಡೋ ಹೊತ್ತಿಗೆ ಮಕ್ಕಳಿಗೆ ಹಸಿವು. ನನ್ನ ಸಲಹೆ ಅಂದರೆ ಫೋಟೋ ಕೊನೆಗೆ ಇಟ್ಟುಕೊಳ್ಳಿ.

ಶಾಲೆ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಗಮನಿಸಿದ್ದೇನೆ. ಮೇಷ್ಟ್ರು ವಿವರಿಸಿದರೆ ಒಬ್ಬರೂ ಕೇಳೋದಿಲ್ಲ. ಪಕ್ಕದಲ್ಲಿ ಯಾರದೋ ಅಜ್ಜಿ ನಿಂತು "ಇದು ನೋಡು, ನಾವು ಹಿಂಗ ಬೀಸತಿದ್ವಿ, ಹಾಡ ಹೇಳ್ಕೋತ ಬೀಸತಿದ್ವಿ" ಅಂದರೆ ನಮ್ಮ ಮಕ್ಕಳೂ ಅಲ್ಲಿಗೇ ಓಡುತ್ತಾರೆ. ಕಾಕಾ ಅವರ ಚೀಲದ ಲೆಕ್ಕ ಹಿಡಿದರೆ ಇಲ್ಲಿ ಅಕ್ಕಾರ ಅತ್ತೆಯವರು ಹೊರಗೆ ಕೂರಬೇಕಾಗಿಲ್ಲ. ನಡೆಯೋದು ಸ್ವಲ್ಪ ಜಾಸ್ತಿ, ಅದಕ್ಕೆ ಬಿಸಿಲೇರುವ ಮುಂಚೆ ಹೋಗಿ.

ಗದಗದಿಂದ ಲಕ್ಷ್ಮೇಶ್ವರದ ಮೇಲೆ ಬಂದರೆ ಚಲೋ. ಅಗಡಿ ತೋಟ ಅಂತ ಪ್ರವಾಸಿಗರು ಬರುವ ತೋಟ ಇದೆ, ಅಲ್ಲಿ ಮಧ್ಯಾಹ್ನದ ರೊಟ್ಟಿ ಊಟ ಮಾಡಿ. ಎತ್ತಿನ ಗಾಡಿ ಇದೆ, ಮಕ್ಕಳಿಗೆ ನೀರಾಟ ಇದೆ. ರಜೆ ದಿನ ಮೊದಲೇ ಫೋನ್ ಮಾಡಿ ಹೇಳಿ. ಹೊತ್ತು ಉಳಿದರೆ ಬಂಕಾಪುರದ ಕೋಟೆಯಲ್ಲಿ ನಗರೇಶ್ವರ ಗುಡಿ ನೋಡಿ, ಅರವತ್ತು ಕಂಬದ ಗುಡಿ ಅಂತಲೇ ಕರೆಯುತ್ತಾರೆ. ಅಲ್ಲೇ ನವಿಲುಧಾಮ. ಸಂಜೆ ಹೊತ್ತು ಗದ್ದಲ ಮಾಡದೆ ನಿಂತರೆ ನವಿಲು ಕಾಣುತ್ತವೆ. ಎರಡನೇ ಕ್ಲಾಸಿನ ಹುಡುಗ ಗದ್ದಲ ಮಾಡದೆ ನಿಲ್ಲುತ್ತಾನಾ ಅನ್ನೋದು ಬೇರೆ ಪ್ರಶ್ನೆ.

ಬೆಟಗೇರಿ ಅಕ್ಕ (ಗದಗ)

ಎಲ್ಲರಿಗೂ ಥ್ಯಾಂಕ್ಸ್. ಕಾಕಾ, ಅಳೆದೆ, ಮಗ 122. ಗೆರೆ ನೋಡಿ ಅವನ ಮುಖ ಇಷ್ಟಾಯಿತು. ಕಾಲ್ಬೆರಳ ಮೇಲೆ ನಿಂತು ಇನ್ನೊಮ್ಮೆ ಅಳೆಸಿಕೊಂಡ.

ಎರಡು ಭಾಗ ಮಾಡೋಣ ಅಂತ ನಮ್ಮವರ ಹತ್ತಿರ ಮಾತಾಡಿದೆ. ಎಲ್ಲರೂ ಸೇರಿ ಒಂದು ದಿನ ಗೊಟಗೋಡಿ, ಅಗಡಿ ತೋಟ. ಆಮೇಲೆ ಮಗಳು, ಅವಳ ಅಪ್ಪ, ತಂಗಿಯ ಗಂಡ, ಮೂವರೇ ಬಿಡದಿ. ನಮ್ಮವರು ಒಪ್ಪಿದ ಹಾಗಿದೆ. ಆದರೆ "ನಾ ರೈಡ್ ಹತ್ತಂಗಿಲ್ಲ, ಚೀಲ ಹಿಡಕೊಂಡು ಕೂಡತೀನಿ" ಅಂತಿದ್ದಾರೆ. ಇನ್ನೊಂದು ವಿಷಯ. ನಮ್ಮವರಿಗೆ ಬಿಪಿ ಇದೆ, ಗುಳಿಗೆ ತೆಗೆದುಕೊಳ್ಳುತ್ತಾರೆ. ಮಗಳು ಎಳೆದುಕೊಂಡು ಹೋದರೆ ಏನು ಮಾಡೋದು?

ವರ್ಕ್‌ಶಾಪ್ ಕಾಕಾ (ಹುಬ್ಬಳ್ಳಿ)

ಬಿಪಿ ಇದ್ದರೆ ದೊಡ್ಡ ರೈಡು ಬೇಡವೇ ಬೇಡ. ರೈಡಿನ ಮುಂದಿನ ಬೋರ್ಡಿನಲ್ಲಿ ಬಿಪಿ, ಹೃದಯದ ತೊಂದರೆ, ಬೆನ್ನುನೋವು, ಗರ್ಭಿಣಿಯರು ಎಲ್ಲ ಬರೆದಿರುತ್ತಾರೆ. ಯಾರೂ ಓದೋದಿಲ್ಲ. ಮಗಳ ಜೊತೆ ತಂಗಿಯ ಗಂಡ ಹತ್ತಲಿ, ನಿಮ್ಮವರು ಲೇಜಿ ರಿವರ್‌ನಲ್ಲಿ ತೇಲಲಿ. ಚೀಲಕ್ಕೆ ಅಲ್ಲಿ ಲಾಕರ್ ಬಾಡಿಗೆಗೆ ಸಿಗುತ್ತದೆ, ಇಡೀ ದಿನ ಕಾಯುತ್ತ ಕೂರೋದು ಬೇಡ.

ರಾತ್ರಿ ರೈಲಿಗೆ ಈಗಲೇ ಟಿಕೆಟ್ ಮಾಡಿಸಿ, ದಸರಾ ಹೊತ್ತಿಗೆ ಸಿಗೋದಿಲ್ಲ. ಬೆಂಗಳೂರಲ್ಲಿ ಇಳಿದು ನೇರಳೆ ಬಣ್ಣದ ಮೆಟ್ರೋದಲ್ಲಿ ಚಲ್ಲಘಟ್ಟ ತನಕ ಹೋದರೆ ಮೈಸೂರು ರಸ್ತೆ. ಅಲ್ಲಿಂದ ಬಿಡದಿ ಕಡೆ ಬಸ್ಸು.

ಸಪ್ತಾಪುರ ಹುಡುಗ (ಧಾರವಾಡ)

ಮತ್ತೆ ಅಕ್ಕಾ, ರೈಡು ಹತ್ತುವ ಇಬ್ಬರಲ್ಲಿ ಹಿಂದಿನ ಸೀಟು ಯಾರಿಗೆ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬರಲಿ. ಸಾಲಲ್ಲಿ ನಿಂತು ಜಗಳ ಆಡೋರ ಹಿಂದೆ ನಾನು ನಿಂತಿದ್ದೇನೆ, ಸಾಕಾಗಿದೆ.